ತಾಯಿಯ ಮುಂದಿಟ್ಟ ಪ್ರಶ್ನೆ: ಎಳೆಯ ಮಕ್ಕಳ ಬೆಳವಣಿಗೆಯ ಪರಿಶೀಲನೆಯಲ್ಲಿ ಭಾಷೆಯ ಹೊಣೆ

ಕನ್ನಡ ಪಂಡಿತನಿಗೂ ಶಿಶುವೈದ್ಯಕ್ಕೂ ಎಲ್ಲಿಯ ಸಂಬಂಧವೆಂದು ಈ ಸಂಚಿಕೆಯ ವಾಚಕರು ಕೇಳಿದರೆ ಅದು ಸಹಜವೇ ಸರಿ. ವ್ಯಾಕರಣ, ಛಂದಸ್ಸು, ಹಳಗನ್ನಡ ಕಾವ್ಯಗಳ ಪಾಠ ಹೇಳಿಕೊಂಡು ಬಂದ ಈ ಲೇಖಕನಿಗೂ ಮೊದಲು ಹಾಗೆಯೇ ಅನ್ನಿಸಿತ್ತು. ಕೆಲವು ವರ್ಷಗಳ ಹಿಂದೆ ಪರಿಚಿತ ಶಿಶುವೈದ್ಯರೊಬ್ಬರು ನಾಲ್ಕಾರು ಹಾಳೆಗಳನ್ನು ಕೈಗಿತ್ತು, ಅವುಗಳ ಕನ್ನಡವನ್ನು ಒಮ್ಮೆ ನೋಡಿಕೊಡಬೇಕೆಂದು ಕೇಳಿದರು. ಎಳೆಯ ಮಕ್ಕಳ ಬೆಳವಣಿಗೆ ವಯಸ್ಸಿಗೆ ತಕ್ಕಂತೆ ಸಾಗಿದೆಯೇ ಎಂದು ತಿಳಿಯಲು ತಂದೆತಾಯಿಗಳನ್ನು ಕೇಳುವ ಪ್ರಶ್ನಾವಳಿ ಅದು, ಇಂಗ್ಲಿಷಿನಿಂದ ಅನುವಾದಗೊಂಡದ್ದು. ವ್ಯಾಕರಣದೋಷ ಒಂದೂ ಇರಲಿಲ್ಲ. ವಿಭಕ್ತಿ, ವಚನ, ಕ್ರಿಯಾಪದ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿದ್ದವು. ನಾನು ಸಂತೋಷದಿಂದ ಹಾಳೆಗಳನ್ನು ಹಿಂತಿರುಗಿಸಿದೆ.

ಆ ವೈದ್ಯರು ನಕ್ಕು, ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿಗೆ ನನ್ನನ್ನು ಕರೆದೊಯ್ದರು. ಅಲ್ಲಿ ಕುಳಿತ ತಾಯಂದಿರ ಮುಂದೆ ಅದೇ ಪ್ರಶ್ನೆಗಳನ್ನು ನಾನೇ ಓದಿದೆ. ಮೂರನೆಯ ಪ್ರಶ್ನೆಯ ಹೊತ್ತಿಗೆ ಅವರು ಒಬ್ಬರ ಮುಖವನ್ನೊಬ್ಬರು ನೋಡತೊಡಗಿದರು. ಐದನೆಯ ಪ್ರಶ್ನೆಗೆ ಎಲ್ಲರೂ ಒಟ್ಟಾಗಿ "ಹೂಂ" ಎಂದರು. ಆ ಹೂಂಕಾರವು ಗೌರವದಿಂದ ಬಂದುದೇ ಹೊರತು ಅರ್ಥವಾಗಿ ಬಂದುದಲ್ಲವೆಂಬುದು ಮೂವತ್ತು ವರ್ಷ ತರಗತಿಯಲ್ಲಿ ನಿಂತವನಿಗೆ ತಿಳಿಯದೆ ಹೋಗಲಿಲ್ಲ. ನಿರ್ದುಷ್ಟವಾದ ವಾಕ್ಯವೂ ಕೇಳಬೇಕಾದುದನ್ನು ಕೇಳದೆ ಹೋಗಬಹುದು. ಈ ಲೇಖನದ ವಿಷಯ ಅಷ್ಟೇ.

ಪರಿಭಾಷೆಯ ವಿಚಾರ

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಲೇಸು. ಮಗುವು ತಲೆ ನಿಲ್ಲಿಸುವುದು, ಬೋರಲಾಗುವುದು, ಕೂರುವುದು, ನಡೆಯುವುದು, ಮಾತು ಕಲಿಯುವುದು, ಪರರ ಮುಖ ನೋಡಿ ನಗುವುದು, ತನ್ನ ಕೈಯಿಂದ ಉಣ್ಣುವುದು ಇವೇ ಮೊದಲಾದ ಮೆಟ್ಟಿಲುಗಳು ಬಹುಪಾಲು ಮಕ್ಕಳಲ್ಲಿ ಒಂದು ಅವಧಿಯೊಳಗೆ ಬರುತ್ತವೆ. ಆ ಅವಧಿ ಮೀರಿದರೂ ಬಾರದಿದ್ದರೆ ಅದನ್ನು ಬೆಳವಣಿಗೆಯ ವಿಳಂಬವೆನ್ನುತ್ತಾರೆ. ಹಿಂದೆ ನಮ್ಮಲ್ಲಿ ಎಲ್ಲಕ್ಕೂ ಬುದ್ಧಿಮಾಂದ್ಯವೆಂಬ ಒಂದೇ ಪದವಿತ್ತು. ಕಿವಿ ಕೇಳದವನೂ, ಮಾತು ತಡವಾದವನೂ, ಕೈಕಾಲು ಬಿಗಿದವನೂ ಅದೇ ಪದದ ಕೆಳಗೆ ಬೀಳುತ್ತಿದ್ದರು. ವಿಳಂಬವೆಂಬ ಮಾತು ಸ್ಥಿತಿಯನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಮುಂದೇನೆಂಬುದನ್ನಂತೂ ಹೇಳುವುದೇ ಇಲ್ಲ. ತಡವಾಗಿ ಹೊರಟ ಬಂಡಿ ಊರು ಸೇರುವುದುಂಟು; ಅದರ ಅಚ್ಚು ಮುರಿದಿದೆಯೇ ಎಂದು ನೋಡುವುದು ಬೇರೆ ಕೆಲಸ.

ಪರಿಶೀಲನೆಯೆಂಬುದೂ ರೋಗನಿರ್ಣಯವಲ್ಲ. ರಾಗಿಹಿಟ್ಟನ್ನು ಒಂದರಿಯಲ್ಲಿ ಆಡಿಸಿದರೆ ಮೇಲೆ ಉಳಿದದ್ದೆಲ್ಲ ಕಲ್ಲಲ್ಲ. ಕೈಯಲ್ಲಿ ಹಿಡಿದು ನೋಡಬೇಕಾದದ್ದು ಅಷ್ಟೇ. ಬೆಳವಣಿಗೆಯ ಪರಿಶೀಲನೆಯೂ ಅಂಥ ಒಂದರಿ.

ಇಂಥ ಸಾಧನಗಳು ಅನೇಕವಿವೆ. ಅಮೆರಿಕದಲ್ಲಿ ೧೯೬೭ರಲ್ಲಿ ಪ್ರಕಟವಾದ ಡೆನ್ವರ್ ಪರೀಕ್ಷೆ ಬಹುಕಾಲ ಪ್ರಸಿದ್ಧವಾಗಿತ್ತು. ಅದರಲ್ಲಿ ಪರೀಕ್ಷಕನೇ ಮಗುವಿನಿಂದ ಮಾಡಿಸಿ ನೋಡಬೇಕು. ನಮ್ಮ ದೇಶದಲ್ಲಿ ೧೯೯೧ರಲ್ಲಿ ಬರೋಡದ ಪರೀಕ್ಷೆಯೂ ಹದಿನೇಳೇ ಅಂಶಗಳ ತಿರುವನಂತಪುರದ ಪಟ್ಟಿಯೂ ಬೆಳಕಿಗೆ ಬಂದವು. ತಂದೆತಾಯಿಗಳೇ ಉತ್ತರಿಸುವ ಬಗೆಯದು ಒರೆಗಾನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು ೧೯೯೫ರಲ್ಲಿ 'ಏಜಸ್ ಅಂಡ್ ಸ್ಟೇಜಸ್' ಎಂಬ ಹೆಸರಿನಿಂದ ಬಂದ ಪ್ರಶ್ನಾವಳಿ. ಒಂದೊಂದು ವಯಸ್ಸಿಗೆ ಒಂದೊಂದು ಪಟ್ಟಿ. ಪ್ರತಿಯೊಂದರಲ್ಲಿ ಮಾತು, ದೊಡ್ಡ ಚಲನೆ, ಕೈಬೆರಳುಗಳ ಸೂಕ್ಷ್ಮ ಚಲನೆ, ಸಮಸ್ಯೆ ಬಿಡಿಸುವುದು, ಜನರೊಡನೆ ಬೆರೆಯುವುದು ಎಂಬ ಐದು ವಿಭಾಗಗಳು. ವಿಭಾಗಕ್ಕೆ ಆರರಂತೆ ಮೂವತ್ತು ಪ್ರಶ್ನೆಗಳು. ಇದನ್ನು ಹಿಂದಿಗೆ ಅನುವಾದಿಸಿ ದೆಹಲಿಯ ಮಕ್ಕಳಲ್ಲಿ ಪರೀಕ್ಷಿಸಿದ ಅಧ್ಯಯನವೊಂದು ೨೦೧೨ರಲ್ಲಿ ಪ್ರಕಟವಾಯಿತು. ಸ್ವಮಗ್ನತೆ ಅಥವಾ ಆಟಿಸಂ ಎಂಬ ಸ್ಥಿತಿಯ ಶಂಕೆಯನ್ನು ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಲ್ಲಿ ಗುರುತಿಸಲು ೨೦೦೧ರಲ್ಲಿ 'ಎಂ-ಚಾಟ್' ಬಂದಿತು. ಪರಿಷ್ಕೃತ ರೂಪದಲ್ಲಿ ಅದಕ್ಕೆ ಇಪ್ಪತ್ತು ಪ್ರಶ್ನೆಗಳು.

ಕೇಳಬೇಕಾದುದು ಯಾರನ್ನು?

ಓದುಬರಹ ಅಷ್ಟಾಗಿ ಇಲ್ಲದ ತಾಯಿಯ ಮಾತನ್ನು ನಂಬಿ ಪರಿಶೀಲನೆ ನಡೆಸಬಹುದೇ ಎಂದು ಶಂಕಿಸುವವರುಂಟು. ಅಂಥವರು ನಮ್ಮ ಸೀಮೆಯ ರೇಷ್ಮೆ ಮನೆಯೊಂದನ್ನು ಹೊಕ್ಕು ನೋಡಬೇಕು. ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ಬರುವುದಕ್ಕೆ ಮುಂಚೆ ಸುಮಾರು ಇಪ್ಪತ್ತೈದು ದಿನ ಹುಳುವನ್ನು ಸಾಕುವವರಲ್ಲಿ ಹೆಣ್ಣುಮಕ್ಕಳದು ದೊಡ್ಡ ಪಾಲು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ಇಲ್ಲಿಯವರು ಜ್ವರವೆನ್ನುತ್ತಾರೆ. ಯಾವ ಹುಳು ಜ್ವರಕ್ಕೆ ಕುಳಿತಿದೆ, ಯಾವುದು ಎದ್ದಿದೆ, ತಟ್ಟೆಯ ಯಾವ ಮೂಲೆಯಲ್ಲಿ ಕೆಲವು ಹಿಂದುಳಿದಿವೆ, ಯಾವುದು ಹಣ್ಣಾಗಿ ಚಂದ್ರಿಕೆಗೆ ಹಾಕಲು ಬಂದಿದೆ ಎಂಬುದನ್ನು ಅವರು ದೀಪದ ಬೆಳಕಿನಲ್ಲೇ ಹೇಳಬಲ್ಲರು. ಒಂದು ಹೊತ್ತು ತಡವಾದರೂ ಅವರ ಕಣ್ಣು ತಪ್ಪಿಸುವುದಿಲ್ಲ. ಹೀಗೆ ಹುಳುವಿನ ಬೆಳವಣಿಗೆಯನ್ನು ಹೊತ್ತಿನ ಲೆಕ್ಕದಲ್ಲಿ ಬಲ್ಲ ತಾಯಿಗೆ ತನ್ನ ಮಗುವಿನ ಬೆಳವಣಿಗೆ ಕಾಣುವುದಿಲ್ಲವೆಂದರೆ ಅದನ್ನು ನಂಬಲಾದೀತೆ?

ವೈದ್ಯರು ಮಗುವನ್ನು ಕಾಣುವುದು ಹತ್ತು ನಿಮಿಷ. ಅದೂ ಅಪರಿಚಿತ ಕೊಠಡಿಯಲ್ಲಿ, ಅಳುವಿನ ನಡುವೆ. ತಾಯಿ ಕಾಣುವುದು ಹಗಲಿರುಳು. ಅವಳಲ್ಲಿ ಅರಿವಿದೆ. ಆ ಅರಿವು ಹೊರಬರುವಂತೆ ಕೇಳುವುದು ಪ್ರಶ್ನೆಯ ಹೊಣೆ. ಆ ಪ್ರಶ್ನೆ ಅನುವಾದವಾಗಿದ್ದರೆ ಅನುವಾದಕನ ಹೊಣೆ.

ವಸ್ತು ಬೇರೆ, ಕ್ರಿಯೆ ಬೇರೆ

ಅನುವಾದದ ಮೊದಲ ತೊಡಕು ವಸ್ತುಗಳದ್ದು. ಪರದೇಶದ ಪ್ರಶ್ನಾವಳಿಯಲ್ಲಿ ಅಲ್ಲಿಯ ಮನೆಯ ಸಾಮಾನುಗಳು ಬರುತ್ತವೆ: ಮುಳ್ಳು ಚಮಚ, ಮಹಡಿಯ ಮೆಟ್ಟಿಲು, ಬೆಳಗಿನ ಉಪಾಹಾರದ ಧಾನ್ಯದ ಉಂಗುರಗಳು. ರಾಗಿಮುದ್ದೆಯನ್ನು ಕೈಯಿಂದ ಉಣ್ಣುವ ಮನೆಯ ಮಗುವಿಗೆ ಚಮಚದ ಪ್ರಶ್ನೆ ಹಾಕಿ 'ಇಲ್ಲ' ಎಂದು ಗುರುತು ಮಾಡಿದರೆ, ಚಮಚವಿಲ್ಲದ ತಪ್ಪನ್ನು ಮಗುವಿನ ತಲೆಗೆ ಕಟ್ಟಿದಂತಾಗುತ್ತದೆ. ಇಲ್ಲಿ ತಿಳಿಯಬೇಕಾದದ್ದು ಚಮಚವನ್ನಲ್ಲ; ಮಗುವು ಆಹಾರವನ್ನು ತಾನೇ ಬಾಯಿಗೆ ತಂದುಕೊಳ್ಳುತ್ತದೆಯೇ ಎಂಬ ಕ್ರಿಯೆಯನ್ನು. ಹೆಬ್ಬೆರಳು ತೋರುಬೆರಳುಗಳ ತುದಿಯಿಂದ ಸಣ್ಣ ಪದಾರ್ಥವನ್ನು ಎತ್ತುವುದನ್ನು ಕೇಳಬೇಕಾದರೆ ಒಂದು ಕಾಳು ಕಡಲೆಪುರಿ ಸಾಕು; ಆದರೆ ಅದು ಗಂಟಲಿಗೆ ಸಿಕ್ಕದಂತೆ ಹಿರಿಯರು ಬಳಿಯಲ್ಲೇ ಇರಬೇಕು. ಒಂದರ ಮೇಲೊಂದು ಮರದ ತುಂಡನ್ನಿಡುವ ಪ್ರಶ್ನೆಗೆ ಚನ್ನಪಟ್ಟಣದಲ್ಲಿ ಸಾಮಗ್ರಿಯ ಕೊರತೆಯೇ ಇಲ್ಲ: ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಬೊಂಬೆಗಳನ್ನು ಲೋಕಕ್ಕೆಲ್ಲ ಕಳುಹಿಸುವ ಊರು ಅದು. ಆದರೂ ಆ ಬೊಂಬೆಗಳನ್ನು ಮಾಡುವವರ ಮನೆಯ ಕೂಸಿನ ಕೈಗೆ ಅವು ಎಷ್ಟು ಸಲ ಬರುತ್ತವೆ ಎಂಬುದನ್ನು ಕೇಳಿಕೊಂಡೇ ಉತ್ತರವನ್ನು ತೂಗಬೇಕು. ಮಾಡಲು ಬಾರದಿರುವುದು ಒಂದು, ಮಾಡಲು ಅವಕಾಶವೇ ಸಿಗದಿರುವುದು ಇನ್ನೊಂದು.

ಎರಡನೆಯ ತೊಡಕು ಹತ್ತಿರದ ಪದವೊಂದು ದಾರಿ ತಪ್ಪಿಸುವುದು. ತಾಯಿಯು ಸೆರಗಿನಿಂದ ಮುಖ ಮುಚ್ಚಿ, ಥಟ್ಟನೆ ತೆರೆದು ಕೂಸನ್ನು ನಗಿಸುವ ಆಟವೊಂದಿದೆ. ಅದರ ಇಂಗ್ಲಿಷ್ ಹೆಸರಿಗೆ ಅನುವಾದಕರು 'ಕಣ್ಣಾಮುಚ್ಚಾಲೆ' ಎಂದು ಬರೆದಿದ್ದರು. ಕಣ್ಣಾಮುಚ್ಚಾಲೆ ಐದಾರು ವರ್ಷದ ಮಕ್ಕಳು ಅಡಗಿ ಆಡುವ ಆಟ. ಹತ್ತು ತಿಂಗಳ ಕೂಸು ಕಣ್ಣಾಮುಚ್ಚಾಲೆ ಆಡುತ್ತದೆಯೇ ಎಂದರೆ ಯಾವ ತಾಯಿ ಹೌದೆಂದಾಳು? 'ನೀವು ಸೆರಗು ಮುಚ್ಚಿ ತೆಗೆದು ಆಡಿಸಿದರೆ ಮಗು ನಗುತ್ತದೆಯೇ, ತಾನೂ ಸೆರಗನ್ನು ಎಳೆಯುತ್ತದೆಯೇ' ಎಂದು ಕೇಳಿದೊಡನೆ ಅಂಗನವಾಡಿಯ ತಾಯಂದಿರೆಲ್ಲರ ಮುಖ ಅರಳಿತು.

ಇದಕ್ಕಿಂತಲೂ ಗಂಭೀರವಾದದ್ದು ಬೆರಳಿನ ಪ್ರಶ್ನೆ. ಮಗುವು ತನಗೆ ಬೇಕಾದುದನ್ನು ಬೆರಳು ಮಾಡಿ ಕೇಳುವುದು ಒಂದು. ತಾನು ಕಂಡ ಸೊಗಸನ್ನು ನಿಮಗೂ ತೋರಿಸಲು ಬೆರಳು ಮಾಡುವುದು ಮತ್ತೊಂದು. ಆಕಾಶದ ಚಂದಮಾಮನನ್ನು ತೋರಿಸಿ ತಾಯಿಯ ಮುಖವನ್ನು ತಿರುಗಿ ನೋಡುವ ಮಗುವಿಗೆ ಚಂದ್ರ ಬೇಕಾಗಿಲ್ಲ, ತಾಯಿಯೂ ನೋಡಬೇಕಾಗಿದೆ. ಸ್ವಮಗ್ನತೆಯ ಶಂಕೆಯಲ್ಲಿ ಈ ಎರಡನೆಯದಕ್ಕೆ ವಿಶೇಷ ಮಹತ್ತ್ವವಿದೆ. ಕನ್ನಡದ 'ತೋರಿಸು' ಎಂಬ ಒಂದೇ ಧಾತು ಎರಡನ್ನೂ ಒಳಗೊಳ್ಳುತ್ತದೆ; 'ಬೆರಳು ತೋರಿಸು' ಎಂದರೆ ದೂಷಿಸುವುದೆಂಬ ಅರ್ಥವೂ ಹುಟ್ಟುತ್ತದೆ. ಇನ್ನು ಕೆಲವು ಮಕ್ಕಳು ಬೆರಳು ಮಾಡದೆ ತಾಯಿಯ ಕೈಯನ್ನೇ ಹಿಡಿದೆಳೆದು ಡಬ್ಬಿಯ ಮೇಲೆ ಇಡುತ್ತವೆ. ಅದನ್ನೂ ತಾಯಿ ತೋರಿಸುವುದೆಂದೇ ತಿಳಿದು ಹೌದೆನ್ನುತ್ತಾಳೆ. ಹೀಗೆ ಒಂದು ಧಾತುವಿನ ವ್ಯಾಪ್ತಿಯಲ್ಲಿ ಒಂದು ಮಗು ಕಣ್ಮರೆಯಾಗುವ ಸಂಭವವಿದೆ.

ಪದಗಳ ಎಣಿಕೆ ಮತ್ತು ನಿಷೇಧದ ಪ್ರಶ್ನೆ

ವ್ಯಾಕರಣ ಬಲ್ಲವರಿಗೆ ಸ್ವಾರಸ್ಯವೆನಿಸುವ ಎರಡು ಅಂಶಗಳನ್ನು ಇಲ್ಲಿ ಹೇಳಬೇಕು. ಎರಡು ವರ್ಷದ ಮಗು ಎರಡು ಪದಗಳನ್ನು ಕೂಡಿಸಿ ಆಡುತ್ತದೆಯೇ ಎಂಬುದು ಪ್ರಸಿದ್ಧವಾದ ಪ್ರಶ್ನೆ. ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಲ್ಲುವ ಅಂಶಗಳು ಕನ್ನಡದಲ್ಲಿ ಪ್ರತ್ಯಯಗಳಾಗಿ ಪ್ರಕೃತಿಗೆ ಹತ್ತುತ್ತವೆ. 'ಬಂದೆ' ಎಂಬ ಮಗುವಿನ ಒಂದೇ ಪದದಲ್ಲಿ ಕ್ರಿಯೆಯೂ ಕಾಲವೂ 'ನಾನು' ಎಂಬ ಕರ್ತೃವೂ ಅಡಗಿವೆ. 'ಮನೆಗೆ' ಎಂಬಲ್ಲಿ ಚತುರ್ಥೀ ವಿಭಕ್ತಿಯೇ ಬಂದಿದೆ. ಪದಗಳನ್ನು ಬರಿದೆ ಎಣಿಸಿದರೆ ಕನ್ನಡದ ಮಗುವಿನ ಸಾಧನೆ ಕಿರಿದಾಗಿ ಕಾಣುತ್ತದೆ. ಹಾಗೆಯೇ ಇಂಗ್ಲಿಷಿನ ಪದಾಂತ್ಯದ ರೂಪಗಳನ್ನು ಕುರಿತ ಪ್ರಶ್ನೆಗೆ ನಮ್ಮಲ್ಲಿ ಅಕ್ಷರಶಃ ಅನುವಾದವೇ ಇಲ್ಲ. 'ಹೋದ', 'ಹೋಗ್ತಾನೆ' ಎಂಬ ಭೇದವನ್ನು ಮಗು ಮಾಡುತ್ತದೆಯೇ ಎಂದು ಹೊಸದಾಗಿ ಕಟ್ಟಿಕೊಳ್ಳಬೇಕು.

ಎರಡನೆಯದು ನಿಷೇಧ. 'ಹೆಸರು ಹಿಡಿದು ಕರೆದರೆ ಮಗು ತಿರುಗಿ ನೋಡುವುದಿಲ್ಲವೇ?' ಎಂದು ಕೇಳಿದರೆ, 'ಹೂಂ' ಎಂಬ ಉತ್ತರಕ್ಕೆ ನೋಡುತ್ತದೆ ಎಂದು ಅರ್ಥವೋ, ಹೌದು ನೋಡುವುದಿಲ್ಲವೆಂದು ಅರ್ಥವೋ? ಆಡುಮಾತಿನಲ್ಲಿ ಎರಡೂ ಸಾಧು. ಆದಕಾರಣ ನಿಷೇಧಾರ್ಥಕ ಪ್ರಶ್ನೆಗಳನ್ನು ಈ ಕೆಲಸದಲ್ಲಿ ವರ್ಜಿಸಬೇಕು. ಉತ್ತರಗಳ ವಿಷಯದಲ್ಲೂ ಎಚ್ಚರ ಬೇಕು. ಏಜಸ್ ಅಂಡ್ ಸ್ಟೇಜಸ್ ಪ್ರಶ್ನಾವಳಿಯ ಉತ್ತರಗಳು ಮೂರು: ಹೌದು, ಕೆಲವೊಮ್ಮೆ, ಇನ್ನೂ ಇಲ್ಲ. ನನ್ನ ಕೈಗೆ ಬಂದ ಹಾಳೆಯಲ್ಲಿ ಮೂರನೆಯದು ಬರಿಯ 'ಇಲ್ಲ' ಆಗಿತ್ತು. 'ಇನ್ನೂ' ಎಂಬ ಎರಡಕ್ಷರದ ಅವ್ಯಯ ಬಿದ್ದುಹೋದುದರಿಂದ ನಷ್ಟವೇನೆಂದು ಕೇಳಬಹುದು. 'ಇಲ್ಲ' ಎನ್ನಲು ತಾಯಿ ಹೆದರುತ್ತಾಳೆ. ಅದು ಅವಳಿಗೆ ತೀರ್ಪಿನಂತೆ ಕೇಳುತ್ತದೆ. 'ಇನ್ನೂ ಇಲ್ಲ' ಎನ್ನಲು ಹೆದರುವುದಿಲ್ಲ. ಅಲ್ಲಿ ನಿಜವೂ ಉಳಿಯಿತು, ಬಾಗಿಲೂ ತೆರೆದಿತ್ತು.

ಲಜ್ಜೆಯ ಪದಗಳೂ ಉಂಟು. ಎಂ-ಚಾಟಿನಲ್ಲಿ ಮಗುವಿಗೆ ಕಿವಿ ಕೇಳಿಸದೇನೋ ಎಂದು ಎಂದಾದರೂ ಅನ್ನಿಸಿದೆಯೇ ಎಂಬ ಪ್ರಶ್ನೆಯಿದೆ. ಅಲ್ಲಿ ಹೌದೆಂಬುದೇ ಚಿಂತೆಯ ಉತ್ತರ. 'ನಿಮ್ಮ ಮಗು ಕಿವುಡೆಂದು ಶಂಕೆಯಿದೆಯೇ' ಎಂದು ಅನುವಾದಿಸಿದರೆ, ಬೈಗುಳವಾಗಿ ಬಳಕೆಯಾಗುವ ಪದವನ್ನು ತನ್ನ ಕೂಸಿಗೆ ಅತ್ತೆಯ ಎದುರಿನಲ್ಲಿ ಯಾವ ಸೊಸೆ ಒಪ್ಪಿಯಾಳು?

ಒಂದು ಸೀಮೆ, ಹಲವು ಮನೆಮಾತು

ಕನ್ನಡಗಳು ಹಲವೆಂಬುದನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಗುರುತಿಸಿದೆ. ನಮ್ಮ ನಾಲ್ಕು ಸೀಮೆಗಳಲ್ಲಿ ಅದರ ಜೊತೆಗೆ ಬೇರೆ ಭಾಷೆಗಳೂ ಇವೆ. ರಾಮನಗರ, ಚನ್ನಪಟ್ಟಣದ ಕೇರಿಗಳಲ್ಲಿ ರೇಷ್ಮೆ ಬಿಚ್ಚುವ, ಬೊಂಬೆ ಕಡೆಯುವ ಅನೇಕ ಕುಟುಂಬಗಳ ಮನೆಮಾತು ದಖನಿ ಉರ್ದು. ಕನಕಪುರದ ದಕ್ಷಿಣಕ್ಕೆ ತಮಿಳುನಾಡಿನ ಗಡಿ. ಬೆಟ್ಟದ ತಪ್ಪಲುಗಳಲ್ಲಿ ಇರುಳಿಗರ ಹಾಡಿಗಳಿವೆ. ತೆಲುಗು ಮನೆಮಾತಿನವರೂ ಉಂಟು. ಈ ಮನೆಗಳ ಮಕ್ಕಳು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಹಿಂದುಳಿದಂತೆ ಕಂಡರೆ ಅದು ಮಗುವಿನ ವಿಳಂಬವಲ್ಲ, ಕೇಳಿದವರ ಅವಸರ. ಎರಡು ಭಾಷೆಗಳ ಮಗುವಿನ ಮಾತನ್ನು ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಕು.

ಅನುವಾದವನ್ನು ಶೋಧಿಸುವುದಕ್ಕೆ ವಿದ್ವಾಂಸರು ಒಂದು ಕ್ರಮವನ್ನು ಅನುಸರಿಸುತ್ತಾರೆ. ಒಬ್ಬರು ಅನುವಾದಿಸುತ್ತಾರೆ, ಮೂಲವನ್ನು ನೋಡದ ಮತ್ತೊಬ್ಬರು ಅದನ್ನು ಹಿಂದಕ್ಕೆ ಮೂಲಭಾಷೆಗೆ ತರುತ್ತಾರೆ, ಎರಡನ್ನೂ ಹೋಲಿಸಿ ತಿದ್ದುತ್ತಾರೆ. ಬಳಿಕ ತಾಯಂದಿರ ಮುಂದಿಟ್ಟು, ಈ ಪ್ರಶ್ನೆಯಿಂದ ನಿಮಗೆ ಏನು ತಿಳಿಯಿತೆಂದು ಅವರ ಮಾತಿನಲ್ಲೇ ಹೇಳಿಸುತ್ತಾರೆ. ಕೊನೆಗೆ ಇಲ್ಲಿಯ ಮಕ್ಕಳಲ್ಲೇ ಅಳೆದು ಅಂಕಗಳ ಎಲ್ಲೆಯನ್ನು ಗೊತ್ತುಮಾಡಬೇಕು. ಪ್ರಕಟಿತ ಪ್ರಶ್ನಾವಳಿಗಳಿಗೆ ಹಕ್ಕುಸ್ವಾಮ್ಯವಿರುವುದರಿಂದ ಉಪಾಧ್ಯಾಯರು ತಮಗೆ ತೋರಿದಂತೆ ಪ್ರಶ್ನೆಯನ್ನು ಬದಲಿಸುವಂತಿಲ್ಲವೆಂಬುದನ್ನೂ ನೆನಪಿಡಬೇಕು.

ಎಲ್ಲೆಯೆಂಬುದು ಒಂದು ಗೆರೆಯಲ್ಲ, ಅಗಲವಾದ ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ ೨೦೦೬ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ, ಆಧಾರವಿಲ್ಲದೆ ಕೂರುವುದು ೩.೮ರಿಂದ ೯.೨ ತಿಂಗಳೊಳಗೆ, ತಾನಾಗಿ ನಡೆಯುವುದು ೮.೨ರಿಂದ ೧೭.೬ ತಿಂಗಳೊಳಗೆ ಬರುತ್ತದೆ. ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲಿಡದೆಯೇ ಮುಂದಿನ ಹಂತಗಳಿಗೆ ಹೋದುದೂ ಅಲ್ಲಿ ಕಂಡುಬಂದಿದೆ. ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಆ ಕೊರತೆಯ ವಾರಗಳನ್ನು ಎರಡು ವರ್ಷದವರೆಗೆ ಕಳೆದೇ ವಯಸ್ಸನ್ನು ಎಣಿಸಬೇಕು. ಆದುದರಿಂದ ನೆರೆಮನೆಯ ಮಗುವಿನೊಡನೆ ಹೋಲಿಸಿ ಅಂಜುವುದೂ ತಪ್ಪು. ತಾನಾಗಿ ಸರಿಹೋಗುವುದೆಂದು ವರ್ಷಗಟ್ಟಲೆ ಕಾಯುವುದೂ ತಪ್ಪು.

ಒಂದರಿಯ ಲೆಕ್ಕ

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ನೂರು ಮಕ್ಕಳಲ್ಲಿ ಹತ್ತು ಮಕ್ಕಳಿಗೆ ನಿಜವಾಗಿ ವಿಳಂಬವಿದೆಯೆಂದಿಟ್ಟುಕೊಳ್ಳಿ. ಪ್ರಶ್ನಾವಳಿಯು ವಿಳಂಬವಿರುವವರಲ್ಲಿ ನೂರಕ್ಕೆ ಎಂಬತ್ತನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ ಎಂಬತ್ತನ್ನು ಸರಿಯಾಗಿ ಬಿಡುತ್ತದೆ ಎನ್ನೋಣ. ಆಗ ಹತ್ತರಲ್ಲಿ ಎಂಟು ಸಿಕ್ಕವು, ಎರಡು ತಪ್ಪಿದವು. ಉಳಿದ ತೊಂಬತ್ತರಲ್ಲಿ ಎಪ್ಪತ್ತೆರಡು ಪಾರಾದವು, ಹದಿನೆಂಟು ವೃಥಾ ಸಿಕ್ಕವು. ಒಟ್ಟು ಇಪ್ಪತ್ತಾರು ಮಕ್ಕಳಲ್ಲಿ ವಿಳಂಬವಿರುವುದು ಎಂಟಕ್ಕೆ ಮಾತ್ರ. ಇದರಿಂದ ಎರಡು ಪಾಠಗಳು: ಸಿಕ್ಕ ಮಗುವಿಗೆ ಹೆಸರು ಕಟ್ಟಬಾರದು, ಪಾರಾದ ಮಗುವನ್ನು ಮರೆಯಬಾರದು. ಸಿಕ್ಕವರನ್ನು ತಜ್ಞರು ನೋಡಬೇಕು, ಪಾರಾದವರನ್ನು ಕೆಲವು ತಿಂಗಳ ಬಳಿಕ ಮತ್ತೆ ಕೇಳಬೇಕು. ಪ್ರಶ್ನೆಯ ಕನ್ನಡ ಕೆಟ್ಟಷ್ಟೂ ಈ ಎರಡು ಬಗೆಯ ತಪ್ಪುಗಳೂ ಹೆಚ್ಚುತ್ತವೆ.

ಇದಕ್ಕೆ ವ್ಯವಸ್ಥೆಯಿಲ್ಲವೆನ್ನುವಂತಿಲ್ಲ. ೧೯೭೫ರ ಅಕ್ಟೋಬರ್ ೨ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದ ತಿರುಮಕೂಡಲು ನರಸೀಪುರವೂ ಮೊದಲ ಕ್ಷೇತ್ರಗಳಲ್ಲಿ ಒಂದಾಗಿತ್ತು. ಅಂಗನವಾಡಿಗಳು ಬಂದುದು ಆ ಮೂಲಕ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ತಂಡಗಳು ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ, ಶಾಲೆಯ ಮಕ್ಕಳನ್ನು ಒಂದು ಬಾರಿ ನೋಡಬೇಕೆಂದು ವಿಧಿಸಲಾಗಿದೆ. ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರವೂ ಅದರ ಅಂಗ. ೨೦೨೩ರ ನವೆಂಬರಿನಲ್ಲಿ ದಿವ್ಯಾಂಗ ಮಕ್ಕಳಿಗಾಗಿ ಅಂಗನವಾಡಿಯ ಕ್ರಮಾವಳಿಯೂ ಹೊರಬಂದಿದೆ. ಒಂದು ದಿಕ್ಕಿಗೆ ಬೆಂಗಳೂರಿನ ನಿಮ್ಹಾನ್ಸ್, ಇನ್ನೊಂದು ದಿಕ್ಕಿಗೆ ೧೯೬೫ರಲ್ಲಿ ಸ್ಥಾಪಿತವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆ ನಮ್ಮ ಸೀಮೆಯಿಂದ ಒಂದು ದಿನದ ಪಯಣದಲ್ಲಿವೆ.

ಒಬ್ಬ ವಿದ್ಯಾರ್ಥಿಯ ವಿಷಯ

ಈ ವಿಷಯವನ್ನು ಬರೆಯಲು ನನಗಿರುವ ನಿಜವಾದ ಕಾರಣವನ್ನು ಮುಚ್ಚಿಡುವುದು ಸರಿಯಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ, ಬೇರೊಂದು ಊರಿನಲ್ಲಿ, ಎಂಟನೆಯ ತರಗತಿಯ ಹುಡುಗನೊಬ್ಬನಿಗೆ ನಾನು ಉಕ್ತಲೇಖನ ಬರೆಸುತ್ತಿದ್ದೆ. 'ಸಂತೆ' ಎಂದರೆ 'ಅಂತೆ' ಎಂದು ಬರೆಯುತ್ತಿದ್ದ. ಸಕಾರ ಶಕಾರಗಳು ಅವನ ಬರಹದಲ್ಲಿ ಮಾಯವಾಗುತ್ತಿದ್ದವು. ಉದಾಸೀನವೆಂದು ಬಗೆದು ಅವನನ್ನು ಹಿಂದಿನ ಬೆಂಚಿಗೆ ಕಳುಹಿಸಿದೆ. ಅಲ್ಲಿ ಅವನ ಬರಹ ಇನ್ನಷ್ಟು ಕೆಟ್ಟಿತು. ತರಗತಿಯ ಎದುರಿನಲ್ಲಿ ಅವನನ್ನು ಮೊದ್ದನೆಂದು ಕರೆದೆ. ಹುಡುಗರು ಆ ಹೆಸರನ್ನು ಉಳಿಸಿಕೊಂಡರು. ಆ ವರ್ಷವೇ ಅವನು ಶಾಲೆ ಬಿಟ್ಟ.

ಎಷ್ಟೋ ವರ್ಷಗಳ ಮೇಲೆ ಅವನು ಸಿಕ್ಕಿದಾಗ ಎರಡೂ ಕಿವಿಗಳ ಹಿಂದೆ ಯಂತ್ರಗಳಿದ್ದವು. ಕೆಲಸಕ್ಕೆ ಸೇರುವಾಗಿನ ತಪಾಸಣೆಯಲ್ಲಿ ಗೊತ್ತಾಯಿತಂತೆ: ತಾರಸ್ವರದ ಧ್ವನಿಗಳು ಅವನಿಗೆ ಎಳವೆಯಿಂದಲೂ ಕೇಳಿಸುತ್ತಿರಲಿಲ್ಲ. ಸಕಾರ ಶಕಾರಗಳು ಅಂಥ ಧ್ವನಿಗಳೇ. ಜೊತೆಯಲ್ಲಿದ್ದ ಅವನ ತಾಯಿ ಯಾವ ದೂರೂ ಇಲ್ಲದೆ ಹೇಳಿದರು: "ಕೂಸಾಗಿದ್ದಾಗಿಂದ್ಲೂ ಹಿಂದ್ಗಡೆಯಿಂದ ಕರುದ್ರೆ ತಿರುಗ್ತಿರ್ಲಿಲ್ಲ ಸ್ವಾಮಿ. ನಂಗೊತ್ತಿತ್ತು. ಯಾರೂ ಕೇಳ್ನಿಲ್ಲ."

ಕೇಳದೆ ಇದ್ದವರಲ್ಲಿ ನಾನೂ ಒಬ್ಬ. ಇಂದು ಹುಟ್ಟಿದ ಮಗುವಿನ ಶ್ರವಣವನ್ನು ಒಂದು ತಿಂಗಳೊಳಗೆ ಪರಿಶೀಲಿಸಿ, ಮೂರು ತಿಂಗಳೊಳಗೆ ದೋಷವನ್ನು ನಿಶ್ಚಯಿಸಿ, ಆರು ತಿಂಗಳೊಳಗೆ ನೆರವನ್ನು ಆರಂಭಿಸಬೇಕೆಂದು ತಜ್ಞರು ಹೇಳುತ್ತಾರೆ. ಆ ಹುಡುಗನಿಗೆ ಹದಿಮೂರು ವರ್ಷವಾದರೂ ಒಂದು ಪ್ರಶ್ನೆ ಸಿಗಲಿಲ್ಲ.

ಅನ್ನ, ಅಕ್ಷರ, ಆಶ್ರಯಗಳನ್ನು ನೀಡುತ್ತ ಬಂದಿರುವ ನಮ್ಮ ಸಂಸ್ಥೆಯ ಹಿತೈಷಿಗಳಲ್ಲಿ ಮೂರು ವಿಜ್ಞಾಪನೆಗಳನ್ನು ಮಾಡಿ ಮುಗಿಸುತ್ತೇನೆ. ಅಧ್ಯಾಪಕ ಮಿತ್ರರು ಶಿಶುವಿಹಾರಕ್ಕೂ ಒಂದನೆಯ ತರಗತಿಗೂ ಸೇರುವ ಪ್ರತಿಯೊಂದು ಮಗುವಿನ ತಾಯಿಯನ್ನು ಕೂರಿಸಿಕೊಂಡು, ಅವಳ ಆಡುಮಾತಿನಲ್ಲಿ ಮಗುವಿನ ಕೇಳುವಿಕೆ, ನೋಟ, ಮಾತು, ನಡಿಗೆ, ಆಟಗಳನ್ನು ವಿಚಾರಿಸಲಿ. ಶಂಕೆ ಬಂದಲ್ಲಿ ಹೆಸರಿಡದೆ ಆರೋಗ್ಯ ತಂಡಕ್ಕೆ ತಿಳಿಸಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಉರ್ದು, ತಮಿಳು, ತೆಲುಗು ಮನೆಮಾತಿನವರು ತಾಯಂದಿರ ಬಳಿ ಕುಳಿತು ಪ್ರಶ್ನೆಯನ್ನು ತಿಳಿಹೇಳಲಿ. ದಾನಿಗಳು ಕಟ್ಟಡದ ಜೊತೆಗೆ, ಕೂಲಿ ಬಿಟ್ಟು ಮಗುವನ್ನೆತ್ತಿಕೊಂಡು ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾದ ತಾಯಿಯ ದಿನದ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಪ್ರಶ್ನೆ ಕೇಳಿ, ಮುಂದಿನ ದಾರಿ ತೋರದೆ ಬಿಡುವುದು ಕೇಳದಿರುವುದಕ್ಕಿಂತ ಲೇಸಲ್ಲ.

ಆ ಪ್ರಶ್ನಾವಳಿಯ ಹಾಳೆಗಳು ಎರಡನೆಯ ಸಲ ನನ್ನ ಕೈಗೆ ಬಂದಾಗ ವ್ಯಾಕರಣವನ್ನು ಬದಿಗಿಟ್ಟು, ಅಂಗನವಾಡಿಯ ತಾಯಂದಿರ ಮಾತನ್ನು ಅಂಚಿನಲ್ಲಿ ಬರೆದುಕೊಟ್ಟೆ. ಮೂರನೆಯ ಉತ್ತರದ ಮೊದಲಿಗೆ 'ಇನ್ನೂ' ಎಂಬುದನ್ನು ಸೇರಿಸಿದೆ. ಮಕ್ಕಳ ವೈದ್ಯವನ್ನು ಬಲ್ಲವರು ಈ ಬರಹದಲ್ಲಿ ತಪ್ಪು ಕಂಡರೆ ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.